ಪರವಾಗಿಲ್ಲ

ಜೂನ್ ೧೪, ಶುಕ್ರವಾರ

ನನ್ನ ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ, ಮುನಿಸಿಕೋ. ಇವರು ಹೋದ ಮೇಲೆ ಪೆನ್ನು ಹಿಡಿದಾಗಲೆಲ್ಲ ಮೊದಲ ಸಾಲಿಗೇ ಕೈ ನಿಲ್ಲುತ್ತಿತ್ತು. ‘ನಾವೆಲ್ಲ ಕ್ಷೇಮ’ ಎಂದು ಬರೆದರೆ ಇವರೇ ಎದ್ದು ಬಂದು ತಿದ್ದಿಯಾರು ಅನ್ನಿಸುತ್ತದೆ.

ಮನೆ ಉಳಿಯಿತು ಅಕ್ಕಾ. ಕ್ವಾರ್ಟರ್ಸನ್ನು ನಮಗೇ ಬಿಟ್ಟಿದ್ದಾರೆ. ನನಗೆ ಇವರ ಆಫೀಸಿನಲ್ಲೇ ಟಪಾಲು ವಿಂಗಡಿಸುವ ಕೆಲಸ. ಮದುವೆಯಾದ ಮೇಲೆ ಮೊದಲ ಸಲ ಗೋಡೆಗೊಂದು ಮೊಳೆ ಹೊಡೆದಿದ್ದೇನೆ. ವರ್ಗವಾಗುತ್ತಲೇ ಇರುವವರ ಮನೆಗೆ ಮೊಳೆ ಯಾಕೆಂದು ಇಷ್ಟು ವರ್ಷ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆನಲ್ಲ. ಮಗಳನ್ನು ದೂರದ ಶಾಲೆಗೆ ಸೇರಿಸಿದೆ. “ಎದುರಿಗೇ ಹೊಸ ಶಾಲೆ ಇರುವಾಗ ಮಗೂನ ಎರಡು ಬಸ್ಸು ಹತ್ತಿಸ್ತೀಯಲ್ಲ, ತಲೆ ಕೆಟ್ಟಿದೆಯಾ ನಿನಗೆ?” ಎಂದು ಪಕ್ಕದ ಮನೆಯವಳು ಬೈದಳು.

ಇವರ ಸ್ವಭಾವ ನಿನಗೆ ಗೊತ್ತು ಎನ್ನುತ್ತೀಯ. ಪೂರ್ತಿ ಗೊತ್ತಿಲ್ಲ ಬಿಡು. ಕಟ್ಟಡದ ತಪಾಸಣೆಗೆ ಹೋದರೆ ಸಣ್ಣ ಸುತ್ತಿಗೆಯಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, ಆಡುತ್ತಿದ್ದದ್ದು ಎರಡೇ ಮಾತು: ‘ಸರಿ’, ಇಲ್ಲವೇ ‘ಕೆಡವಿ’. ಬೆನ್ನ ಹಿಂದೆ ಎಲ್ಲರೂ ‘ಕೆಡವಿ ಸಾಹೇಬರು’ ಎನ್ನುತ್ತಿದ್ದರು. ‘ಪರವಾಗಿಲ್ಲ’ ಎನ್ನುವುದು ಮಾತ್ರ ಇವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. “ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕಣೇ. ಸರಿ ಇಲ್ಲ ಅಂತ ಗೊತ್ತಿದ್ದವನು ಆಡೋ ಮಾತು,” ಎನ್ನುತ್ತಿದ್ದರು. ಅಡುಗೆ ಹೇಗಿದೆ ಎಂದು ಬಾಯಿತಪ್ಪಿ ಕೇಳಿ, ನಿನ್ನ ಮುಂದೆ ಅತ್ತಿದ್ದೆನಲ್ಲ, ನೆನಪಿದೆಯಾ?

ಎದುರಿನ ಈ ಹೊಸ ಶಾಲೆಯ ತೊಲೆಗೂ ಇವರು ‘ಕೆಡವಿ’ ಎಂದೇ ಹೇಳಿದ್ದರು. ಒಳಗೆ ಹಾಕಿರುವ ಕಬ್ಬಿಣ ಸಾಲದು, ಮೇಲೊಂದು ಮಹಡಿ ಬಂದರೆ ತಡೆಯದು ಎಂದು. ಗುತ್ತಿಗೆದಾರ ಬೇಡಿಕೊಂಡ, ದೊಡ್ಡ ಸಾಹೇಬರು ಗದರಿದರು. “ಊರಿಗೆಲ್ಲ ನೀವೊಬ್ಬರೇ ಕಾವಲಾ?” ಎಂದು ನಾನೂ ಕೂಗಾಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅಷ್ಟರಲ್ಲಿ ಇವರ ಶ್ವಾಸಕೋಶ ಕೈಕೊಟ್ಟಿತು.

ಆಸ್ಪತ್ರೆಯಿಂದ ನೀನು ಊರಿಗೆ ಹೊರಟ ಮರುದಿನ ಸಾಹೇಬರು, ಗುತ್ತಿಗೆದಾರ ಇಬ್ಬರೂ ಹಣ್ಣು ಹಿಡಿದುಕೊಂಡು ಬಂದರು. ಸಾಹೇಬರು ನನ್ನನ್ನು ವರಾಂಡಕ್ಕೆ ಕರೆದು, “ನೋಡಮ್ಮಾ, ಅವರ ಬಾಯಿಂದ ಒಂದು ಮಾತು ಬಂದ್ರೆ ಸಾಕು. ಮನೆ, ನಿಮ್ಮ ಕೆಲಸ, ಎಲ್ಲಾ ನನ್ನ ಜವಾಬ್ದಾರಿ,” ಎಂದರು. ಆಮೇಲೆ ಮಂಚದ ಪಕ್ಕ ನಿಂತು, “ಆ ತೊಲೆ ಹಾಗೇ ಇರಲಿ ಅಲ್ವಾ? ಏನಂತೀರಿ?” ಎಂದು ಕೇಳಿದರು. ಇವರು ಕಣ್ಣು ತೆರೆದು, “ಪರವಾಗಿಲ್ಲ,” ಎಂದರು.

ನರ್ಸಮ್ಮನೂ ಕೇಳಿಸಿಕೊಂಡಳು. ಎರಡು ದಿನಕ್ಕೆ ಇವರು ಹೋದರು. ಹಠಮಾರಿ ಕೊನೆಗೂ ಬಗ್ಗಿದ ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಹೆಂಡತಿ ಮಗಳ ಮುಖ ನೋಡಿದರಲ್ಲ ಎಂದು ಮೆಚ್ಚುವವರೂ ಇದ್ದಾರೆ.

ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಆ ಶಾಲೆ ಕಾಣುತ್ತದೆ. ಮೇಲಿನ ಮಹಡಿಗೂ ಬಣ್ಣ ಬಂದಿದೆ. ಗಂಟೆ ಹೊಡೆದು ಮಕ್ಕಳೆಲ್ಲ ಒಟ್ಟಿಗೆ ದಡದಡನೆ ಇಳಿಯುವಾಗ ನಾನು ಟಪಾಲು ಬಿಟ್ಟು ಎದ್ದು ನಿಲ್ಲುತ್ತೇನೆ. ಸದ್ದು ಅಡಗಿದ ಮೇಲೆ ಕೂರುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಕ್ಕಳು ಎಲ್ಲಿದ್ದರೂ ತಣ್ಣಗಿರಲಿ, ಚಿಕ್ಕಮ್ಮನ ಆಯುಸ್ಸೂ ಅವಕ್ಕೇ ಸೇರಲಿ.

ನಿನ್ನ ಬೆನ್ನಿಗೆ ಬಿದ್ದವಳು,
ತಂಗಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಸಾಹೇಬರ ಪ್ರಶ್ನೆ ಇವರ ಕಿವಿಗೆ ಬಿದ್ದೇ ಇರಲಿಲ್ಲ ಅಕ್ಕಾ, ಮಂಪರಿನಲ್ಲಿದ್ದರು. ಅದೇ ಹೊತ್ತಿಗೆ ನಾನು ಬಗ್ಗಿ, ಇವರಿಗಷ್ಟೇ ಕೇಳುವಂತೆ, “ಎದೆನೋವು ಹೇಗಿದೆ?” ಎಂದು ಕೇಳಿದ್ದೆ. ಹಣೆಯೆಲ್ಲ ಬೆವರು, ಉಸಿರುಸಿರಿಗೂ ನರಳಾಟ. ಆದರೂ ನನ್ನ ಮುಖ ನೋಡಿ, “ಪರವಾಗಿಲ್ಲ,” ಎಂದರು. ನಾನು ಹೆದರಬಾರದೆಂದು ಇವರು ಹೇಳಿದ ಸುಳ್ಳು ಅದು. ಇಡೀ ಜೀವಮಾನದಲ್ಲಿ ಅದೊಂದೇ.

“ದೊಡ್ಡ ಮನಸ್ಸು ಮಾಡಿದ್ರಿ,” ಎಂದು ಸಾಹೇಬರು ಹೇಳಿದಾಗ ಇವರಿಗೆ ಅರ್ಥವಾಯಿತು. ನನ್ನ ಮಣಿಕಟ್ಟು ಹಿಡಿದು, “ಕೆ… ಕೆ…” ಎಂದರು. ಕೆಮ್ಮು ಮುಂದಕ್ಕೆ ಬಿಡಲಿಲ್ಲ.

“ಏನಂತೆ ಅಮ್ಮಾ?” ಎಂದರು ಸಾಹೇಬರು.

“ನೀರು ಕೇಳ್ತಿದ್ದಾರೆ,” ಎಂದೆ.

ಲೋಟ ಬಾಯಿಗೆ ಹಿಡಿದೆ. ಕುಡಿಯಲಿಲ್ಲ. ನನ್ನ ಕೈ ಬಿಟ್ಟರು, ಮತ್ತೆ ಹಿಡಿಯಲಿಲ್ಲ.

ಈಗಲೂ ಹೋಗಿ ನಿಜ ಹೇಳಬಹುದು. ಹೇಳಿಯೇ ಬಿಡುತ್ತೇನೆಂದು ದಿನವೂ ಸಾಹೇಬರ ಕೋಣೆಗೆ ಹೋಗುತ್ತೇನೆ, ಟಪಾಲು ಇಟ್ಟು ಬರುತ್ತೇನೆ. ನಾನು ಹೇಳುವುದಿಲ್ಲ, ನನಗೆ ಗೊತ್ತು. ನೀನು ಬೈದು ಬರೆ, ಇಲ್ಲವೇ ಬರೆಯಲೇಬೇಡ. ‘ಪರವಾಗಿಲ್ಲ ಬಿಡು’ ಎಂದು ಮಾತ್ರ ಬರೆಯಬೇಡ.