ಪಕ್ಕಾ ಬಣ್ಣದ ಅಂಗಿ

ಅಂಗಡಿಯ ಮಹಡಿ
ಭಾನುವಾರ ಸಂಜೆ

ನನ್ನ ಕಿರಿಮಗಳಿಗೆ,

ಸಿನಿಮಾ ಪ್ರದರ್ಶನಕ್ಕೆ ನೀನು ಕಳಿಸಿದ ಆಹ್ವಾನಪತ್ರಿಕೆ ತಲುಪಿತು. ಅದರಲ್ಲಿ ನನ್ನನ್ನು ‘ಚಿತ್ರಕ್ಕೆ ಬಟ್ಟೆ ಹೊಲಿದ ಹಿರಿಯ ಮಹಿಳೆ’ ಎಂದು ಅಚ್ಚು ಹಾಕಿಸಿದ್ದೀರಿ. ತಿದ್ದಿಸು. ನಾನು ಈ ಬೀದಿಯ ದರ್ಜಿ ಅಂಗಡಿಯ ಯಜಮಾನಿ. ನಿನ್ನ ಅಪ್ಪ ತೀರಿಕೊಂಡಾಗ ನೀನು ಇನ್ನೂ ತೊಟ್ಟಿಲಲ್ಲಿದ್ದೆ. ಅಂದಿನಿಂದ ಇಲ್ಲಿ ಕತ್ತರಿ ಬಟ್ಟೆಗೆ ಇಳಿದದ್ದು ನನ್ನ ಮಾತು ಕೇಳಿಯೇ. ಓದಿದ್ದು ಹೈಸ್ಕೂಲಿನ ತನಕ ಮಾತ್ರ. ಆದರೆ ಆ ಯುದ್ಧದ ಚಿತ್ರದಲ್ಲಿ ಒಂದಲ್ಲ, ಎರಡೂ ಕಡೆಯ ಸೈನ್ಯಕ್ಕೆ ಬಟ್ಟೆ ತೊಡಿಸಿದವಳು ನಾನು. ಹಿರಿಯ ಮಹಿಳೆಯಂತೆ!

ಹಳೆಯ ರೀಲುಗಳ ಗೀರು, ಧೂಳು ತೆಗೆದು ಹೊಸದು ಮಾಡುವ ನಿನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಬೀದಿಯವರಿಗೆಲ್ಲ ಹೇಳಿದ್ದೇನೆ. ಇದೇ ಚಿತ್ರ ನಿನ್ನ ಕೈಗೆ ಬಂದಿದೆ ಎಂದಾಗ ಮಾತ್ರ ಯಾರಿಗೂ ಹೇಳಲಿಲ್ಲ. ಸತ್ತು ಬಿದ್ದ ಸೈನಿಕನ ಕಾಲ್ಬೆರಳು ಅಲ್ಲಾಡುವ ಆ ಹಳೇ ತಪ್ಪನ್ನೂ ಈ ಸಲ ಅಳಿಸುತ್ತೇವೆ, ಇನ್ನು ಯಾರೂ ನಗುವಂತಿಲ್ಲ ಎಂದು ಬರೆದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಂಗಿಯ ವಿಷಯ.

ಕೊನೆಯ ದೃಶ್ಯದ ರಕ್ತದ ಅಂಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಪಕ್ಕದಲ್ಲಿ ಅಣ್ಣನ ಫೋಟೊ, ಕೆಳಗೆ ‘ಚಿತ್ರ ನೋಡಿ ಸೈನ್ಯ ಸೇರಿದ ವೀರ’ ಎಂಬ ಸಾಲು, ಇದು ನಿನ್ನ ಸಾಹೇಬರ ಆಸೆ ಎಂದಿದ್ದೀಯ. ನಿನಗೂ ಆಸೆ ಎಂದು ನೀನು ಬರೆದಿಲ್ಲ. ಆದರೂ ನನಗೆ ಗೊತ್ತಾಯಿತು. ಅಣ್ಣನ ಮುಖ ನಿನಗೆ ನೆನಪಿಲ್ಲ. ನಾಲ್ಕು ಜನ ನೋಡುವ ಕಡೆ ಅವನು ಇರಲಿ ಅನ್ನಿಸುವುದು ತಪ್ಪಲ್ಲ.

ಆ ಚಿತ್ರ ತಯಾರಾದದ್ದು ಹೇಗೆ ಎಂದು ನಿನಗೆ ಯಾರೂ ಹೇಳಿಲ್ಲ. ಕೈಯಲ್ಲಿದ್ದ ಜನ ಕಡಿಮೆ, ಬಟ್ಟೆಯೂ ಒಂದೇ ಥಾನು, ಒಂದೇ ಸುರುಳಿ. ಅರ್ಧವನ್ನು ಒಂದು ಬಣ್ಣದಲ್ಲಿ ಅದ್ದಿದೆ, ಉಳಿದರ್ಧವನ್ನು ಇನ್ನೊಂದರಲ್ಲಿ. ಬೆಳಿಗ್ಗೆ ನಮ್ಮವರಾಗಿ ಸತ್ತವರೇ ಊಟ ಮುಗಿಸಿ ಬಂದು ವೈರಿಗಳಾಗಿ ಸಾಯುತ್ತಿದ್ದರು. ನಿನ್ನ ಅಣ್ಣ ಬಟ್ಟೆಯ ಗಂಟು ಹೊತ್ತು ನನ್ನ ಜೊತೆ ಬರುತ್ತಿದ್ದ. ನಮ್ಮ ಕತ್ತರಿಯವನು, ಎಲ್ಲರೂ ‘ಇಂಚು’ ಎಂದು ಕರೆಯುವವನು, ಆಗ ಅವನದೇ ವಯಸ್ಸಿನ ಹುಡುಗ. ಸತ್ತವರಿಗೆ ಬಡಿಸುವಾಗ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. “ಸತ್ತೋನಿಗೆ ಇನ್ನೊಂದು ಸೌಟು ಹಾಕೋ, ಮಧ್ಯಾಹ್ನ ಮತ್ತೆ ಸಾಯ್ಬೇಕು!”

ಚಿತ್ರದ ಕೊನೆಯಲ್ಲಿ ಸೈನಿಕನ ಅಂಗಿ ಮನೆಗೆ ಬರುತ್ತದೆ. ತಾಯಿ ಅದನ್ನು ಒಗೆಯುವ ಕಲ್ಲಿಗೆ ಉಜ್ಜುತ್ತಾಳೆ, ಕಲೆ ಹೋಗುವುದಿಲ್ಲ. ಮೇಕಪ್ಪಿನವರ ಕೆಂಪು ನೀರೋ, ಒಂದೇ ಬಕೆಟ್ಟಿಗೆ ಮಾಯವಾಗುತ್ತಿತ್ತು. ನಿರ್ದೇಶಕರನ್ನು ನಾವೆಲ್ಲ ದೊಡ್ಡವರು ಎನ್ನುತ್ತಿದ್ದೆವು. ಅವರು ನನ್ನ ಹತ್ತಿರ ಬಂದು, “ಅಮ್ಮಾ, ಈ ಕಲೆ ಹೋಗ್ಬಾರ್ದು. ಜನ ಮನೆಗೆ ಹೋದ್ಮೇಲೂ ಹೋಗ್ಬಾರ್ದು. ಇನ್ನು ಯುದ್ಧವೇ ಬೇಡ ಅನ್ನಿಸ್ಬೇಕು,” ಎಂದರು. ಎದೆಯ ಭಾಗಕ್ಕೆ ನಾನು ಪಕ್ಕಾ ಬಣ್ಣ ಹಾಕಿಕೊಟ್ಟೆ. ಕುದಿಸಿದರೂ ಬಿಡದ ಬಣ್ಣ.

ದೊಡ್ಡವರು ಒಳ್ಳೆಯವರು. ಅವರು ಹೇಳಿದ್ದೊಂದು, ಹುಡುಗರು ಕೇಳಿಸಿಕೊಂಡದ್ದು ಇನ್ನೊಂದು. ಚಿತ್ರಮಂದಿರದಲ್ಲಿ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ ಹುಡುಗರು ಸಿಳ್ಳೆ ಹಾಕಿದರು. ಹಿಂದಿನ ಬೀದಿಯಲ್ಲೇ ಸೈನ್ಯಕ್ಕೆ ಸೇರಿಸಿಕೊಳ್ಳುವ ಕಚೇರಿ. ಆಟ ಬಿಟ್ಟ ಮೇಲೆ ಅಲ್ಲಿ ಸಾಲು. ಆ ಸಾಲಿನಲ್ಲಿ ನಿನ್ನ ಅಣ್ಣನೂ ನಿಂತ. ನಾನು ಬೈದೆ, ಊಟ ಬಿಟ್ಟೆ, ಬಾಗಿಲಿಗೆ ಅಡ್ಡ ನಿಂತೆ. “ಏನಾಗಲ್ಲ ಬಿಡಮ್ಮ,” ಎಂದು ನನ್ನ ತೋಳಿನ ಕೆಳಗೆ ನುಸುಳಿಕೊಂಡು ಹೋದ. ತರಬೇತಿಯಿಂದ ಒಂದೇ ದೂರು ಬರೆದ: “ಇಲ್ಲಿನ ಯೂನಿಫಾರ್ಮು ಕಂಕುಳಲ್ಲಿ ಹಿಡಿಯುತ್ತೆ. ಇವ್ರಿಗೆ ನಿನ್ನ ಹತ್ರ ಪಾಠ ಹೇಳಿಸ್ಬೇಕು.”

ಆಮೇಲೆ ಬಂದದ್ದು ಒಂದು ಟ್ರಂಕು. ಬಟ್ಟೆಯೆಲ್ಲ ಇಸ್ತ್ರಿ ಮಾಡಿ ಮಡಚಿಟ್ಟಿದ್ದರು. ಕೊನೆಗೆ ಅವನು ತೊಟ್ಟಿದ್ದ ಅಂಗಿ ಅದರಲ್ಲಿರಲಿಲ್ಲ. ಅವನೂ ಬರಲಿಲ್ಲ. ನನಗೆ ಒಗೆಯಲು ಏನೂ ಇರಲಿಲ್ಲ ಮಗಳೇ. ಚಿತ್ರದ ತಾಯಿಗಾದರೂ ಒಂದು ಅಂಗಿ ಸಿಕ್ಕಿತ್ತು.

ಜನ ಆ ಅಂಗಿಯ ಬಗ್ಗೆ ಪುಸ್ತಕ ಬರೆದರು, ಭಾಷಣ ಮಾಡಿದರು. ಅದು ನಮ್ಮ ಬೀರುವಿನ ತಳದಲ್ಲಿತ್ತು. ಈಗ ಅದನ್ನೂ ಅವನನ್ನೂ ಪಕ್ಕಪಕ್ಕ ನಿಲ್ಲಿಸಿದರೆ, ನೋಡಲು ಬಂದ ಹುಡುಗರು ಏನು ಕೇಳಿಸಿಕೊಳ್ಳುತ್ತಾರೆ? ಸಿಳ್ಳೆ ನನಗೆ ಇಲ್ಲಿಗೇ ಕೇಳಿಸುತ್ತದೆ. ಫೋಟೊ ಕೊಡುವುದಿಲ್ಲ. ಅಂಗಿಯನ್ನೂ ಕೊಡುವುದಿಲ್ಲ. ನಿನ್ನ ಸಾಹೇಬರಿಗೆ ಮುದುಕಿ ಹಟಮಾರಿ ಎಂದು ಹೇಳು, ಬೇಜಾರಿಲ್ಲ.

ಮೊನ್ನೆ ಆ ಅಂಗಿಯನ್ನು ಹೊರಗೆ ತೆಗೆದೆ. ಕಲೆ ಹೋಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದೆಯ ಭಾಗವನ್ನು ಪೂರಾ ಬಿಚ್ಚಿ ತೆಗೆದು ಒಲೆಗೆ ಹಾಕಿದೆ. ಅದೇ ಥಾನಿನ ಉಳಿಕೆ ಬಟ್ಟೆ ಅಟ್ಟದ ಮೇಲಿತ್ತು. ಹೊಸ ಎದೆ ಕೂರಿಸಿದೆ. ಪಕ್ಕದ ಹೊಲಿಗೆ ಬಿಚ್ಚಿ ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟೆ. ಸೂಜಿಗೆ ದಾರ ಪೋಣಿಸಲು ಮಾತ್ರ ಇಂಚುವನ್ನು ಕರೆದೆ.

ಇವತ್ತು ಬೆಳಿಗ್ಗೆ ಅದನ್ನು ಅವನ ಕೈಗೆ ಕೊಟ್ಟು ಹಾಕಿಕೋ ಎಂದೆ. ಮುಟ್ಟಲೇ ಹೆದರಿದ. “ಅಮ್ಮಾ, ಇದು ಸಿನಿಮಾದ್ದು. ನಂಗ್ಯಾಕೆ?” ಎಂದ. ಹಾಕಿಕೊಳ್ಳಲು ಯೋಗ್ಯತೆ ಬೇಕಿಲ್ಲ, ತೋಳು ಇದ್ದರೆ ಸಾಕು ಎಂದೆ. ಹಾಕಿಕೊಂಡ. ಈಗ ಅವನಿಗೆ ತಲೆಯೆಲ್ಲ ಬೆಳ್ಳಗೆ, ಹೊಟ್ಟೆಯೂ ಮುಂದೆ ಬಂದಿದೆ. ಅಷ್ಟು ಬಟ್ಟೆ ಬಿಟ್ಟರೂ ಕೆಳಗಿನ ಗುಂಡಿ ಬಿಗಿ. “ಹಾಕ್ಕೊಂಡು ಎಲ್ಲಿಗೆ ಹೋಗ್ಲಮ್ಮಾ?” ಎಂದ. ಎಲ್ಲಿಗಾದರೂ ಹೋಗು, ಕತ್ತಲಾಗುವ ಮೊದಲು ಮನೆಗೆ ಬಾ ಎಂದೆ. ಬೀದಿಯ ತಿರುವಿನಲ್ಲಿ ಆ ಬೆನ್ನು ಮರೆಯಾಗುವವರೆಗೆ ಕಿಟಕಿಯಲ್ಲಿ ನಿಂತಿದ್ದೆ. ಆಮೇಲೂ ನಿಂತಿದ್ದೆ.

ಈಗ ತಾನೇ ಬಂದ. ತೋಳಿಗೆ ಚಹಾ ಚೆಲ್ಲಿಕೊಂಡಿದ್ದಾನೆ. ಬಿಚ್ಚಿಸಿ ನೀರಿಗೆ ಹಾಕಿದ್ದೇನೆ. ಅದು ಹೋಗುತ್ತದೆ.

ಇಂತಿ ನಿನ್ನ ಅಮ್ಮ,
ಅಂಗಡಿಯ ಯಜಮಾನಿ

ಮರೆತ ಮಾತು: ಕಾಲ್ಬೆರಳನ್ನು ಅಳಿಸಬೇಡ. ಬೀಳುವ ದೃಶ್ಯ ತೆಗೆಯುವ ದಿನ ನಾಯಕನಟನಿಗೆ ಜ್ವರ. “ಬೆನ್ನು ತಾನೇ ಅಮ್ಮಾ, ಮುಖ ಕಾಣಲ್ಲ” ಎಂದು ದೊಡ್ಡವರು ನಿನ್ನ ಅಣ್ಣನನ್ನು ಕೇಳಿದರು. ಇದೇ ಅಂಗಿಯನ್ನು ಅವನ ಅಳತೆಗೆ ನಾನೇ ಹೊಲಿದೆ. ಬೂಟು ಮಾತ್ರ ನಾಯಕನದು, ಅವನಿಗೆ ದೊಡ್ಡದು, ಅದಕ್ಕೇ ಬೀಳುವಾಗ ಕಳಚಿತು. ಯಾರಿಗೂ ಹೇಳುವುದಿಲ್ಲವೆಂದು ದೊಡ್ಡವರಿಗೂ ನಾಯಕನಿಗೂ ಮಾತು ಕೊಟ್ಟಿದ್ದೆ. ಮಾತು ತೆಗೆದುಕೊಂಡ ಇಬ್ಬರೂ ಈಗ ಇಲ್ಲ. ಹುಲ್ಲಿನಲ್ಲಿ ಮುಖ ಹುದುಗಿಸಿ ಮಲಗಿದವನು ನಗು ತಡೆಯಲಾರದೆ ಬೆರಳು ಆಡಿಸಿದ. ಕಟ್ ಅಂದ ಕೂಡಲೇ ಎದ್ದು ಬಂದು ಊಟ ಕೇಳಿದ. ಅವನ ಫೋಟೊ ಬೇಕು ಎಂದಿದ್ದೆಯಲ್ಲ, ಅದು ನಿನ್ನ ಕೈಯಲ್ಲೇ ಇದೆ.