ಮೆಟ್ಟಿಲ ಮೇಲಿನ ಮಗ್ಗಿ

೧೪ ಮೇ, ಬುಧವಾರ

ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ, ನಾನೊಬ್ಬಳನ್ನು ಬಿಟ್ಟು.

ಈ ಭಾನುವಾರ ಬಂದು ಚಿನಕುರಳಿಯನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ. ರಜೆ ಇನ್ನೂ ಮುಗಿದಿಲ್ಲ, ಗೊತ್ತು. ಆದರೆ ನಿನ್ನ ಮೊಮ್ಮಗಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ. ಹೊತ್ತು ಗೊತ್ತಿಲ್ಲದೆ ಆಡುತ್ತಿದ್ದರೆ ಪಾಠ ತಲೆಗೆ ಹತ್ತುವುದು ಯಾವಾಗ? ಈ ಮಾತು ನನ್ನದಲ್ಲ, ನಿನ್ನದೇ. ಅವಳ ವಯಸ್ಸಿನಲ್ಲಿ ನಾನು ದಿನಾ ಕೇಳಿಸಿಕೊಂಡದ್ದು.

ಅಕ್ಷರ ಬರೀ ನೆಪ ಅಂತ ನಿನಗೆ ಆಗಲೇ ಗೊತ್ತಾಗಿರುತ್ತದೆ. ಜೀವಮಾನವೆಲ್ಲ ಶಾಲೆಯಲ್ಲಿ ಮಕ್ಕಳ ಸುಳ್ಳು ಹಿಡಿದ ಹೆಡ್‌ಮೇಡಂ ನೀನು. ಹಾಗಾಗಿ ನೇರವಾಗಿಯೇ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು. ಅದೂ ಹೆತ್ತ ಮಗಳ ಮೇಲೆ. ಯಾರಿಗಾದರೂ ಹೇಳಿದರೆ ನಕ್ಕಾರು.

ಹೋದ ಭಾನುವಾರ ನಾನು ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದೆ. ಬಾಗಿಲು ತೆರೆದಿತ್ತು. ಮಹಡಿ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಬರೀ ಗೆರೆ, ಅಂಕಿ ಇಲ್ಲ. ಒಂದೊಂದು ಮೆಟ್ಟಿಲು ಹತ್ತಲು ಏಳರ ಮಗ್ಗಿಯ ಒಂದೊಂದು ಉತ್ತರ ಹೇಳಬೇಕು. ಮಂಡಿನೋವಿನ ನೀನು ಕಂಬಿ ಹಿಡಿದು ಹತ್ತುತ್ತಾ ನಾಲ್ಕನೇ ಮೆಟ್ಟಿಲಲ್ಲಿ ಬೇಕೆಂದೇ ಇಪ್ಪತ್ತೇಳು ಅಂದೆ. ಅವಳು ಸೊಂಟದ ಮೇಲೆ ಕೈ ಇಟ್ಟು, ತಪ್ಪು ಕಣಜ್ಜಿ, ಇಳಿ ಕೆಳಗೆ, ಮೊದಲಿಂದ ಶುರು ಮಾಡು ಅಂತ ಗದರಿದಳು. ಬೀದಿಯ ಪುಂಡರನ್ನೂ ತಲೆ ತಗ್ಗಿಸುವಂತೆ ಮಾಡುವ ನೀನು ಮೂತಿ ಉಬ್ಬಿಸಿಕೊಂಡು ಇಳಿದೆ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೇ ಕೂತು ನಕ್ಕಿರಿ. ನಾನು ಗೇಟಿನ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಆಗತಾನೇ ಬಂದವಳಂತೆ ಮತ್ತೆ ಬಂದೆ. ಊಟ ಮಾಡದೆ ಹೊರಟದ್ದು ತಲೆನೋವಿನಿಂದಲ್ಲ.

ನನಗೆ ಅದೇ ಮಗ್ಗಿ ಕಲಿಸಿದ್ದು ನಿನ್ನ ಮರದ ಅಡಿಪಟ್ಟಿ. ಈಗಲೂ ಲ್ಯಾಬಿನಲ್ಲಿ ದೊಡ್ಡ ಡಾಕ್ಟರು ದನಿ ಏರಿಸಿದರೆ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ, ರಕ್ತದ ಸ್ಯಾಂಪಲ್ ಹಿಡಿದಿದ್ದರೂ ಸರಿ. ಜೊತೆಯವರು ತಮಾಷೆ ಮಾಡುತ್ತಾರೆ, ನಾನೂ ಅವರ ಜೊತೆ ನಗುತ್ತೇನೆ.

ನಿನ್ನ ಮೊಮ್ಮಗಳು ಫೋನಿನಲ್ಲಿ ದಿನಾ ಉಪ್ಪು ಸುರಿಯುತ್ತಾಳೆ, ಗಾಯ ಅಂತ ಅವಳಿಗೆ ಗೊತ್ತಿಲ್ಲ. ಅಕ್ಕಿ ಡಬ್ಬಿಯಲ್ಲಿ ಚೀಟಿ ಬಚ್ಚಿಡುತ್ತೀಯಂತೆ, ಅದನ್ನು ಓದಿದರೆ ಮುಂದಿನ ಚೀಟಿಯ ಜಾಗ ಗೊತ್ತಾಗುತ್ತದಂತೆ, ಕೊನೆಯದರಲ್ಲಿ ಅಜ್ಜಿಗೆ ಮುತ್ತು ಕೊಡು ಅಂತ ಇರುತ್ತದಂತೆ. ಅರ್ಧ, ಕಾಲು ಅಂತ ಹಿಟ್ಟು ಅಳೆಯುವಾಗ ಚೆಲ್ಲಿದರೆ ನೆಲದ ಮೇಲಿನ ಹಿಟ್ಟಿನಲ್ಲೇ ಅಕ್ಷರ ಬರೆಸುತ್ತೀಯಂತೆ. ನಾನು ಹಿಟ್ಟು ಚೆಲ್ಲಿದ ದಿನ ಏನಾಗಿತ್ತು ಅಂತ ನಿನಗೆ ನೆನಪಿರಲಾರದು. ಏಟು ಕೊಟ್ಟವರಿಗೆ ಮರೆಯುತ್ತದೆ.

ಅವಳು ಮನೆಗೆ ಬಂದ ಮೇಲೆ ನಾನೂ ಆಡಿಸೋಣ ಅಂತ ಮೊನ್ನೆ ನಿನ್ನ ಅಳಿಯಂದಿರನ್ನೇ ಮಗು ಮಾಡಿಕೊಂಡು ಚೀಟಿ ಆಟ ಅಭ್ಯಾಸ ಮಾಡಿದೆ. ಎರಡನೇ ಚೀಟಿ ಹುಡುಕಲು ಅವರು ತಡವರಿಸಿದರು. ಕಣ್ಣು ಎಲ್ಲಿಟ್ಟಿದೀರಿ ಅಂತ ನನ್ನ ಬಾಯಿಂದ ಬಂತು. ಅವರು ಚೀಟಿ ಮೇಜಿನ ಮೇಲಿಟ್ಟು, ಇದು ಆಟಾನಾ, ಪರೀಕ್ಷೆನಾ ಅಂತ ಕೇಳಿದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಆಡಿಸುವುದು ಹೇಗೆ ಅಂತ ನನಗೆ ಯಾರೂ ತೋರಿಸಿಲ್ಲ, ಅಮ್ಮ.

ಮಗು ನಗುತ್ತಾ ಕಲಿಯುತ್ತಿದೆ, ಒಳ್ಳೆಯದೇ ಅಲ್ವಾ ಅನ್ನುತ್ತಾರೆ ಅವರು. ಒಳ್ಳೆಯದೇ. ಆದರೆ ಈ ಅಜ್ಜಿ ಇಷ್ಟು ವರ್ಷ ನಿನ್ನೊಳಗೇ ಇದ್ದಳಲ್ಲ, ನನಗೇಕೆ ಸಿಗಲಿಲ್ಲ ಅಂತ ನನ್ನ ಉರಿ.

ಭಾನುವಾರ ಬೆಳಿಗ್ಗೆ ಬರುತ್ತೇವೆ. ಅವಳ ಬಟ್ಟೆ ಜೋಡಿಸಿಡು.

ಇತಿ,
ನಿನ್ನ ಒಬ್ಬಳೇ ಮಗಳು
(ಅವಳು ಮೊಮ್ಮಗಳು, ನೆನಪಿರಲಿ)

ತಾ.ಕ.: ಬಟ್ಟೆ ಜೋಡಿಸಬೇಡ. ರಜೆ ಮುಗಿಯುವವರೆಗೆ ಅವಳು ಅಲ್ಲೇ ಇರಲಿ. ಭಾನುವಾರ ನಿನ್ನ ಅಳಿಯಂದಿರು ಅವಳಿಗೆ ಚಪ್ಪಲಿ ಕೊಡಿಸಲು ಪೇಟೆಗೆ ಕರೆದುಕೊಂಡು ಹೋಗುತ್ತಾರೆ. ಸಂಜೆವರೆಗೆ ಬರಬೇಡಿ ಅಂತ ನಾನೇ ಹೇಳಿದ್ದೇನೆ. ಅಷ್ಟು ಹೊತ್ತು ನೀನು ನನ್ನ ಜೊತೆ ಆಡು. ಯಾವ ಆಟವಾದರೂ ಸರಿ. ನಾನು ತಪ್ಪು ಹೇಳುತ್ತೇನೆ, ನೀನು ನಗಬೇಕು.