ರಾಣೆಯ ಐದನೆಯ ಚಿತ್ರ

ಅನಗೋಳ, ಬೆಳಗಾವಿ
೧೨ ಏಪ್ರಿಲ್ ೨೦೨೬, ರವಿವಾರ

ಚಿ. ಸೌ. ಮೇಘಾ,

ನೀನೂ ಅಳಿಯಂದಿರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಬೆಳಗಾವಿ ಬಿಟ್ಟರೆ ನಿಮ್ಮ ಪಾರಿಶ್ವಾಡಕ್ಕೆ ಒಂದೇ ಬಸ್ಸಿನ ದಾರಿ, ಕೈಯಲ್ಲಿ ಫೋನೂ ಇದೆ, ಆದರೂ ಅವ್ವ ಪತ್ರ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಎದುರಿಗೆ ಕುಳಿತರೆ ನನಗೆ ಮಾತು ಬರುವುದಿಲ್ಲ. ದಿನಚರಿ ಬರೆದು ರೂಢಿಯಾದ ಕೈ, ಬರೆಯಲಿಕ್ಕಾದರೂ ಬರುತ್ತದೆ. ಯುಗಾದಿಯ ದಿನ ನೀನು ಫೋನಿನಲ್ಲಿ ಕೇಳಿದೆ: "ಅವ್ವ, ಸುಯಶಗ ನನ್ನ ಮ್ಯಾಲೆ ಏನ್ ಸಿಟ್ಟಿತ್ತು? ಪಿಚ್ಚರ್ ಟಿಕೆಟ್ ತಗೊಂಡು ಬಂದ್ರ ಯಾಕ ಬರಲಿಲ್ಲ ಅಂವ?" ಹಾಲು ಉಕ್ಕುತ್ತಿದೆ ಎಂದು ಹೇಳಿ ಫೋನ್ ಇಟ್ಟೆ. ಒಲೆಯ ಮೇಲೆ ಹಾಲು ಇರಲಿಲ್ಲ. ಉತ್ತರ ಕೊಡಲು ಇಷ್ಟು ದಿನ ತಡವಾಯಿತು. ಬೇಸರ ಮಾಡಿಕೊಳ್ಳಬೇಡ.

ಮನೆಯ ಸುದ್ದಿ ಹೇಳುವಷ್ಟು ಏನೂ ಇಲ್ಲ. ನಿಮ್ಮ ಅಪ್ಪ ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ನಿನ್ನ ತಮ್ಮ ಸುಯಶ ತೀರಿಕೊಂಡು ಆರು ತಿಂಗಳು ಆಯಿತು. ನಾನು ಅಳುವುದಿಲ್ಲ. ಬಾಜು ಮನೆಯ ಚಂದ್ರವ್ವ ಅದನ್ನೇ ಒಂದು ಕಾಯಿಲೆ ಎಂದುಕೊಂಡಿದ್ದಾಳೆ. "ಒಂದ್ಸಲ ಅತ್ತುಬಿಡ್ರಿ ಶಾಂತಕ್ಕಾ, ಹಗೂರ ಆಗ್ತೈತಿ" ಎನ್ನುತ್ತಾಳೆ. ಆಗಲಿ ಎನ್ನುತ್ತೇನೆ. ಆಮೇಲೆ ಕಾಳು ಆರಿಸುತ್ತೇನೆ.

ಹೋದ ತಿಂಗಳು ಖಾನಾಪುರದಿಂದ ರೋಹನ ಬಂದಿದ್ದ. ಸುಯಶನ ಜೊತೆ ಒಂದೇ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದನಲ್ಲ, ಅವನೇ. ಸುಯಶನ ನೆನಪಿಗೆ ಗೆಳೆಯರೆಲ್ಲ ಸೇರಿ ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ, ದೇವದತ್ತ ರಾಣೆ ಗೂಢಚಾರ ಸಾರಂಗನಾಗಿ ನಟಿಸಿದ ಐದು ಚಿತ್ರಗಳ ಬಗ್ಗೆ. "ಕಾಕೂ, ನೀವು ಬರೀಬೇಕು" ಎಂದ. ನಾನು ನಂದಗಡದ ಸಾಲಿಯಲ್ಲಿ ಹತ್ತನೆಯ ಇಯತ್ತೆ ಓದಿದವಳು, ನನಗೇನು ಗೊತ್ತಪ್ಪ ಎಂದೆ. "ಸುಯಶ ಹೇಳತಿದ್ದ, ನಮ್ಮ ಗ್ಯಾಂಗಿನಾಗ ಖರೇ ಫ್ಯಾನ್ ಅಂದ್ರ ನಮ್ಮವ್ವ, ನಾವೆಲ್ಲಾ ಬರೇ ಸೀಟಿ ಹೊಡಿಯೋರು ಅಂತ" ಎಂದ. ಆಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಬರೆದೆ. ಅದರಲ್ಲಿ ಸ್ವಲ್ಪ ನಿನಗೂ ಹೇಳುತ್ತೇನೆ.

ರಾಣೆಗಿಂತ ಮೊದಲು ಸಾರಂಗನಾಗಿದ್ದವನು ಎತ್ತರದ, ನಗುಮುಖದ ಮನುಷ್ಯ. ಹತ್ತು ಮಂದಿಯನ್ನು ಹೊಡೆದರೂ ಅವನ ಕೋಟಿಗೆ ಸುಕ್ಕು ಬೀಳುತ್ತಿರಲಿಲ್ಲ. ರಾಣೆ ಬಂದಾಗ ಎಲ್ಲರೂ ನಕ್ಕರು. ಕುಳ್ಳ, ಬ್ಯಾಂಕಿನ ಗುಮಾಸ್ತನ ಹಾಗಿದ್ದಾನೆ ಎಂದರು. ಅವನ ಮೊದಲನೆಯ ಚಿತ್ರವನ್ನು ನಾವು ಖಾನಾಪುರದ ಹಳೆಯ ಟಾಕೀಸಿನಲ್ಲಿ ನೋಡಿದೆವು. ಸುಯಶ ಆಗ ಕಾಲೇಜು. ಹಿಂದಿನ ಸಾಲಿನವರು ಮರಾಠಿಯಲ್ಲಿ ಕುಚೋದ್ಯ ಮಾಡುತ್ತಿದ್ದರು. ಅರ್ಧ ಚಿತ್ರದಲ್ಲಿ ಸಾರಂಗನ ಎಡಗೈ ಮುರಿಯುತ್ತದೆ. ಕೊನೆಯವರೆಗೂ ಅವನು ಒಂದೇ ಕೈಯಲ್ಲಿ ಬಾಗಿಲು ತೆರೆಯುತ್ತಾನೆ, ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳುತ್ತಾನೆ. ಹಿಂದಿನ ಸಾಲು ಯಾವಾಗ ಸುಮ್ಮನಾಯಿತೋ ನನಗೆ ಗೊತ್ತಾಗಲಿಲ್ಲ. ಹೊರಗೆ ಬಂದ ಮೇಲೆ ಸುಯಶ ಹೇಳಿದ: "ಮೊದಲಿನ ಸಾರಂಗ ಹೊಡದ ಅವ್ವ. ಇಂವ ಹೊಡಿಸ್ಕೊಂಡ." ಹನ್ನೊಂದು ವರ್ಷಗಳ ರಾಣೆಯ ಕಾಲದ ಬಗ್ಗೆ ನಾನು ಎಷ್ಟು ಪುಟ ಬರೆದರೂ ಅದಕ್ಕಿಂತ ಹೆಚ್ಚಿನದನ್ನು ಹೇಳಲಾರೆ.

ಎರಡನೆಯದರಲ್ಲಿ ಅವನ ಮೇಲಧಿಕಾರಿ ಹೆಂಗಸು ಸಾಯುತ್ತಾಳೆ. ಹಿಂದಿನ ನಟನಾಗಿದ್ದರೆ ಸೇಡಿನ ಮಾತಾಡುತ್ತಿದ್ದ. ರಾಣೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಅವಳ ಕನ್ನಡಕವನ್ನು ಒರೆಸುತ್ತಾನೆ. ಒರೆಸಿ ಮುಗಿದ ಮೇಲೆ ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯುವುದಿಲ್ಲ. ಈಗ ಆ ದೃಶ್ಯವನ್ನು ಮತ್ತೆ ನೋಡಿದೆ. ಹೌದು, ತಿಳಿಯುವುದಿಲ್ಲ.

ಮೂರನೆಯದರಲ್ಲಿ ಅವನು ಹೋಟೆಲಿನ ಕೋಣೆಯಲ್ಲಿ ತನ್ನ ಅಂಗಿಯ ರಕ್ತ ತೊಳೆಯುತ್ತಾನೆ, ತಣ್ಣೀರಿನಲ್ಲಿ. ಬಿಸಿನೀರು ಹಾಕಿದರೆ ಕಲೆ ಅಂಟಿ ಕೂಡುತ್ತದೆಂದು ಬಟ್ಟೆ ಒಗೆದವರಿಗಷ್ಟೇ ಗೊತ್ತು. ನಾನು ಅದನ್ನು ಹೇಳಿದಾಗ ಸುಯಶ ಬಹಳ ಸಂತೋಷಪಟ್ಟು, ಎಲ್ಲ ಗೆಳೆಯರಿಗೂ ತಾನೇ ಕಂಡುಹಿಡಿದವನಂತೆ ಹೇಳಿಕೊಂಡು ಬಂದ. ನಾಲ್ಕನೆಯದರ ಹೊತ್ತಿಗೆ ರಾಣೆಗೆ ವಯಸ್ಸಾಗಿತ್ತು. ಅದನ್ನು ಮುಚ್ಚಿಡಲಿಲ್ಲ. ಓಡಿ ನಿಂತಾಗ ಗೋಡೆ ಹಿಡಿಯುತ್ತಾನೆ. ನಾಲ್ಕು ಚಿತ್ರಗಳಲ್ಲಿ ಅವನು ಒಮ್ಮೆಯೂ ಊಟ ಮಾಡಿಲ್ಲ, ನೋಡಿದ್ದೀಯಾ? ಸಂಜೆಯ ಆಟವಿದ್ದಾಗ ನಾವು ಬಸ್ ನಿಲ್ದಾಣದಲ್ಲಿ, ರಾತ್ರಿ ಉಣ್ಣುವಂತಿಲ್ಲವೆಂದು, ಹೊತ್ತು ಮುಳುಗುವ ಮೊದಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವಲ್ಲ, ಆಗ ಸುಯಶ ಅನ್ನುತ್ತಿದ್ದ: "ಸಾರಂಗನೂ ಜೈನರಂವ ಇರಬೇಕು ಬಿಡವ್ವ. ಅಂವಗ ಬರೇ ಕತ್ತಲಾದ ಮ್ಯಾಲೇ ಕೆಲಸ."

ಐದನೆಯದರ ಪುಟ ಖಾಲಿ ಇದೆ. ರಾಣೆಯ ಕೊನೆಯ ಚಿತ್ರ. ರೋಹನ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. "ಕಾಕೂ, ಐದನೇದು ಒಂದ ಉಳದೈತಿ. ನೋಡಿ ಬರದುಬಿಡ್ರಿ." ನಾನು ನೋಡಿಲ್ಲ. ಸುಯಶ ನೋಡಿಲ್ಲವೆಂದು ನಿನಗೆ ಗೊತ್ತೇ ಇದೆ.

ಆಗಸ್ಟಿನಲ್ಲಿ ಅದು ಬಿಡುಗಡೆಯಾದಾಗ ನೀನು ಮೂರು ಟಿಕೆಟ್ ಮಾಡಿಸಿ ಪಾರಿಶ್ವಾಡದಿಂದ ಬಂದೆ. ಅವನು ಬರುವುದಿಲ್ಲವೆಂದ. "ಯಾಕಪಾ, ದೊಡ್ಡ ಸಾಹೇಬ ಆಗೀಯೇನು? ಅಕ್ಕನ ಜೋಡಿ ಪಿಚ್ಚರ್ ನೋಡಾಕ ನಾಚಿಕಿ ಬರ್ತೈತೇನು?" ಎಂದೆ ನೀನು. ಅವನು ನೆಲ ನೋಡುತ್ತ, "ಈಗ ಬ್ಯಾಡಕ್ಕ" ಎಂದ. "ಮತ್ಯಾವಾಗ? ಟಾಕೀಸಿನಿಂದ ಪಿಚ್ಚರ್ ತೆಗದ ಮ್ಯಾಲೇನು?" ನಾನು ಮೊಣಕಾಲು ನೋವೆಂದೆ. ನೀನು ಒಬ್ಬಳೇ ಹೋಗಿ, ಎರಡು ಖಾಲಿ ಕುರ್ಚಿಗಳ ಪಕ್ಕ ಕುಳಿತು ನೋಡಿ, ಅಲ್ಲಿಂದಲೇ ಊರಿಗೆ ಹೋದೆ. ಆಮೇಲೆ ಅವನ ಫೋನ್ ಎತ್ತಲಿಲ್ಲ. ಅಕ್ಟೋಬರಿನಲ್ಲಿ ಅವನು ಜ್ವರ ಬಂದು ಆಸ್ಪತ್ರೆ ಸೇರಿದ. ಐದನೆಯ ದಿನ ನೀನು ಆಸ್ಪತ್ರೆಗೆ ಬಂದೆ.

ನಿನ್ನ ಮದುವೆಯ ಖರ್ಚಿಗೆ ಅವನು ಓದು ಬಿಟ್ಟು ಕಾರ್ಖಾನೆ ಸೇರಿದ, ಆ ಸಿಟ್ಟು ಒಳಗೇ ಇತ್ತು ಎಂದು ನೀನು ಅಳಿಯಂದಿರ ಮುಂದೆ ಹೇಳಿದೆಯಂತೆ. ಅಲ್ಲ. ಆ ಮಾತು ಮತ್ತೆ ಆಡಬೇಡ. ಲೇಥ್ ಕೆಲಸ ಅವನಿಗೆ ಇಷ್ಟವಿತ್ತು.

ಬಿಸಿಲು ಜಾಸ್ತಿ ಇದೆ, ನೀರು ಕುಡಿಯುತ್ತಿರು. ಅತ್ತೆಯವರಿಗೆ ನನ್ನ ಜಯ ಜಿನೇಂದ್ರ ತಿಳಿಸು. ಭಗವಂತ ನಿನ್ನನ್ನು ತಂಪಾಗಿ ಇಡಲಿ, ನಿನ್ನ ಮನೆಯಲ್ಲಿ ನಗು ಇರಲಿ.

ನಿನ್ನ ಅವ್ವ,
ಶಾಂತಮ್ಮ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ನೀನು ಕೇಳಿದ್ದಕ್ಕೆ ಮೇಲೆ ಎಲ್ಲಿಯೂ ಉತ್ತರವಿಲ್ಲ.

ಹೋದ ವರ್ಷ ಚಾತುರ್ಮಾಸಕ್ಕೆ ಮುನಿ ಮಹಾರಾಜರು ನಮ್ಮ ಬಸದಿಗೆ ಬಂದಿದ್ದರು. ದೀಪಾವಳಿಯವರೆಗೆ, ನಾಲ್ಕು ತಿಂಗಳ ಮಟ್ಟಿಗೆ ಒಬ್ಬೊಬ್ಬರೂ ಒಂದೊಂದು ನೇಮ ತೆಗೆದುಕೊಳ್ಳುತ್ತಿದ್ದರು. ಒಬ್ಬರು ಬೆಲ್ಲ ಬಿಟ್ಟರು, ಒಬ್ಬರು ಚಪ್ಪಲಿ ಬಿಟ್ಟರು. ಸುಯಶನ ಸರದಿ ಬಂದಾಗ ಮಹಾರಾಜರು, ಏನು ಬಿಡುತ್ತೀ ಎಂದು ಕೇಳಿದರು. ಅವನು ಯೋಚಿಸುತ್ತ ನಿಂತ. ಹಿಂದೆ ಹೆಂಗಸರೆಲ್ಲ ನೋಡುತ್ತಿದ್ದರು. ನಾನೇ ಮುಂದೆ ಬಂದು, "ಸಿನಿಮಾ ಬಿಡ್ಲಿರಿ ಮಹಾರಾಜರ, ಅದರ ಹುಚ್ಚ ಭಾಳ ಐತಿ" ಎಂದೆ. ನನ್ನ ಮಗ ದೊಡ್ಡದನ್ನೇ ಬಿಟ್ಟ ಎಂದು ನಾಲ್ಕು ಜನ ಅನ್ನಲಿ ಎಂದಷ್ಟೇ. ಮಹಾರಾಜರು ಅವನನ್ನೇ ಕೇಳಿದರು, ನಿನಗೆ ಒಪ್ಪಿಗೆಯೇ ಎಂದು. ಅವನು ನನ್ನ ಮುಖ ನೋಡಿ, ಹೂಂ ಎಂದ.

ನಿನಗೆ ಹೇಳಬೇಡ ಎಂದವಳೂ ನಾನೇ. ನಿನಗೆ ಗೊತ್ತಾದರೆ ನನ್ನೊಡನೆ ಜಗಳವಾಡಿ ಅವನ ನೇಮ ಮುರಿಸುತ್ತೀ ಎಂದು ಹೆದರಿದ್ದೆ. ಆ ದಿನ ನೀನು ಬೈಯುವಾಗ ಅವನು ನೆಲ ನೋಡುತ್ತಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ಆಸ್ಪತ್ರೆಯಲ್ಲಿ ಮೂರನೆಯ ದಿನ ರೋಹನ ಫೋನ್ ತಂದ. ಆಗ ಚಿತ್ರ ಫೋನಿನಲ್ಲೂ ಬಂದಿತ್ತು. "ಮಲಕೊಂಡ ನೋಡಲೇ, ಹೊತ್ತು ಹೋಗ್ತೈತಿ" ಎಂದ. ಸುಯಶ ನನ್ನ ಕಡೆ ನೋಡಿದ. ಕಾಯಿಲೆಯಲ್ಲಿ ನೇಮಕ್ಕೆ ಸಡಿಲು ಇದೆ ಎಂದು ನನಗೆ ಗೊತ್ತಿತ್ತು, ಮಹಾರಾಜರೇ ಪ್ರವಚನದಲ್ಲಿ ಹೇಳಿದ್ದರು. ಆದರೆ ಈಗ ಮುರಿದರೆ ಜ್ವರ ಏರೀತು ಎನ್ನಿಸಿತು. ನಾನು ತಲೆ ಅಲ್ಲಾಡಿಸಿದೆ. ಅವನು ಫೋನನ್ನು ರೋಹನನಿಗೆ ತಿರುಗಿ ಕೊಟ್ಟ.

ನಾಲ್ಕನೆಯ ದಿನ ಮಧ್ಯಾಹ್ನ ಕೇಳಿದ, "ಅವ್ವ, ಅಕ್ಕಗಾದ್ರೂ ಹೇಳಲೇನು, ಯಾಕ ಬರಲಿಲ್ಲ ಅಂತ?" ದೀಪಾವಳಿಗೆ ಹನ್ನೊಂದು ದಿನ ಉಳಿದಿತ್ತು. ದೀಪಾವಳಿ ಆಗಲಿ ಎಂದೆ. ಮರುದಿನ ಬೆಳಿಗ್ಗೆ ನೀನು ಬಂದಾಗ ಅವನಿಗೆ ಮಾತು ನಿಂತಿತ್ತು.